ಏಳಲೊಲ್ಲದ ಕಾಲು

ಭಾನುವಾರ ಬೆಳಗ್ಗೆ ಆರು ಗಂಟೆಗೆ ಮನೆಯ ಕರೆಗಂಟೆ ಬಾರಿಸಿತೆಂದರೆ ಅದು ಹಾಲಿನವನದಲ್ಲ, ಪತ್ರಿಕೆಯವನದೂ ಅಲ್ಲ, ಯಾವುದೋ ಕಷ್ಟದ್ದು ಎಂದು ಆಂಟಾಪ್ ಹಿಲ್‌ನ ಇಷ್ಟು ವರ್ಷಗಳ ವಾಸದಲ್ಲಿ ನಾವು ಅರಿತುಕೊಂಡಿದ್ದೇವೆ. ನಮ್ಮ ಮನೆಯ ಕರೆಗಂಟೆ ಮೂರು ಸಲ ಒತ್ತಿದರೆ ಒಂದು ಸಲ ಬಾರಿಸುವ ಜಾತಿಯದು. ಅದರ ಕಥೆ ಕೊನೆಗೆ ಬರುತ್ತದೆ. ಬಾಗಿಲು ತೆರೆದರೆ ಅಕ್ಕನ ಮಗ ನಿಂತಿದ್ದ. ರಾತ್ರಿ ಕಣ್ಣು ಮುಚ್ಚಿದ ಲಕ್ಷಣವಿರಲಿಲ್ಲ. ಕೈಯೆಲ್ಲ ಗ್ರೀಸು.

“ಕಾಲು ಏಳ್ತಿಲ್ಲೆ ಮಾವ” ಎಂದ.

ಒಳಗಿನಿಂದ ನಮ್ಮ ಮನೆಯವರು ಗಾಬರಿಯಿಂದ ಬಂದರು. “ಯಾರ ಕಾಲು ಮಾರಾಯ? ಅಮ್ಮನದಾ?” ಎಂದವರೇ ಉತ್ತರಕ್ಕೂ ಕಾಯದೆ ಮಹಾನಾರಾಯಣ ತೈಲದ ಸೀಸೆ ಹುಡುಕಲು ಹೊರಟರು.

“ಅಮ್ಮಂದಲ್ಲ ಅತ್ತೆ. ದೋಣಿದು.”

ದೋಣಿಗೆ ಕಾಲು ಎಲ್ಲಿಂದ ಬಂತೆಂದು ಓದುಗರೂ ನಮ್ಮ ಮನೆಯವರಂತೆ ಕೇಳುವುದು ಸಹಜ. ಅದನ್ನಿಷ್ಟು ವಿವರಿಸಿ ಮುಂದೆ ಹೋಗುವುದು ಲೇಸು.

ದೋಣಿಗೆ ಇಂಜಿನು ಕೂಡಿಸುವುದಕ್ಕೆ ಹೆಚ್ಚಾಗಿ ಮೂರು ಕ್ರಮಗಳಿವೆ. ಇಂಜಿನನ್ನು ದೋಣಿಯ ಹೊಟ್ಟೆಯಲ್ಲಿಟ್ಟು ತಳದಿಂದ ಉದ್ದನೆಯ ದಂಡವೊಂದನ್ನು ಹೊರಕ್ಕೆ ಹಾಯಿಸಿ ಅದರ ತುದಿಗೆ ಪಂಖವನ್ನು ಕೂಡಿಸುವುದು ಒಂದು. ನಮ್ಮ ಮಲ್ಪೆ, ಗಂಗೊಳ್ಳಿಗಳ ಟ್ರಾಲರುಗಳೆಲ್ಲ ಈ ಕ್ರಮದವು. ಇಡೀ ಇಂಜಿನನ್ನೇ ದೋಣಿಯ ಹಿಂಬದಿಗೆ ತೂಗುಹಾಕುವುದು ಎರಡನೆಯದು. ಅದಕ್ಕೆ ಔಟ್‌ಬೋರ್ಡ್ ಎನ್ನುತ್ತಾರೆ. ನಾಡದೋಣಿಯವರು ಸೀಮೆಎಣ್ಣೆಯಲ್ಲಿ ಓಡಿಸುವುದು ಇದನ್ನು. ಮೂರನೆಯದು ಇವೆರಡರ ಸಂಬಂಧದಿಂದ ಹುಟ್ಟಿದ ಕೂಸು. ಇಂಜಿನು ಮಾತ್ರ ಒಳಗೆ. ಪಂಖವೂ ಹಲ್ಲುಚಕ್ರಗಳೂ ಇರುವ ಕಾಲೊಂದು ಹಿಂಬದಿಯ ಹಲಗೆಯಾಚೆ ನೀರಿಗೆ ಇಳಿಬಿದ್ದಿರುತ್ತದೆ. ಇದರ ಹೆಸರು ಸ್ಟರ್ನ್‌ಡ್ರೈವ್. ಸ್ವೀಡನ್ನಿನ ವೋಲ್ವೋ ಪೆಂಟಾದವರು 1959ರಲ್ಲಿ ಆಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಪ್ರಪಂಚದಲ್ಲೆಲ್ಲ ಹಬ್ಬಿತು. ಇದರ ಹಿಂದೆ ಇದ್ದುದು ಜಿಮ್ ವಿನ್ ಎಂಬ ಅಮೆರಿಕದ ಇಂಜಿನಿಯರನ ಬುದ್ಧಿ. ಬಳಿಕ ಬೇರೆ ಬೇರೆಯವರೂ ತಯಾರಿಸಿದರು. ನಮ್ಮ ಹುಡುಗ ನೋಡಿಕೊಳ್ಳುತ್ತಿದ್ದ ದೋಣಿಯದು ಯಾರ ತಯಾರಿಕೆಯೆಂಬುದು ಈ ಕಥೆಗೆ ಬೇಡ. ಯಾರದಾದರೇನು, ಉಪ್ಪುನೀರಿನ ಮುಂದೆ ಎಲ್ಲರೂ ಒಂದೇ.

ಈ ಕಾಲಿನ ದೊಡ್ಡ ಗುಣವೆಂದರೆ ಮೇಲಕ್ಕೆ ಮಡಚಿಕೊಳ್ಳುವುದು. ನೀರು ತೆಳುವಾದಲ್ಲಿ, ಅಳಿವೆಯ ಮರಳ ದಿಬ್ಬದ ಮೇಲೆ, ದಡಕ್ಕೆ ಬರುವಾಗ ಕಾಲನ್ನು ಎತ್ತಿಕೊಂಡರೆ ಪಂಖ ಉಳಿಯುತ್ತದೆ. ಪಂಖಕ್ಕೆ ಹಗ್ಗವೋ ಪ್ಲಾಸ್ಟಿಕ್ ಚೀಲವೋ ಸುತ್ತಿಕೊಂಡರೆ ಎತ್ತಿ ಬಿಡಿಸಬಹುದು. ಊರಲ್ಲಿ ಔಟ್‌ಬೋರ್ಡನ್ನು ಹುಡುಗರು ಕೈಯಿಂದಲೇ ಎತ್ತಿಬಿಡುತ್ತಾರೆ. ಸ್ಟರ್ನ್‌ಡ್ರೈವಿನ ಕಾಲು ಹಾಗೆ ಕೈಗೆ ಬಗ್ಗುವ ಭಾರವಲ್ಲ. ಅದಕ್ಕಾಗಿ ಬ್ಯಾಟರಿಯಿಂದ ತಿರುಗುವ ಸಣ್ಣ ಮೋಟಾರೊಂದನ್ನು ಇಟ್ಟಿರುತ್ತಾರೆ. ಕೆಲವು ತಯಾರಿಕೆಗಳಲ್ಲಿ ಮೋಟಾರು ಎಣ್ಣೆಯ ಪಂಪನ್ನು ನಡೆಸಿ, ಎಣ್ಣೆಯ ಒತ್ತಡದಿಂದ ಕಾಲು ಏಳುತ್ತದೆ. ಇನ್ನು ಕೆಲವು ಹಳೆಯವುಗಳಲ್ಲಿ ಮೋಟಾರು ತಿರುಪಿನಂಥ ಹಲ್ಲನ್ನು ತಿರುಗಿಸಿ ಕಾಲನ್ನು ಎತ್ತುತ್ತದೆ. ನಮ್ಮದು ಎರಡನೆಯ ಬಗೆ. ಗುಂಡಿ ಒತ್ತಿದರೆ ಏಳಬೇಕು, ಇನ್ನೊಂದು ಗುಂಡಿ ಒತ್ತಿದರೆ ಇಳಿಯಬೇಕು.

ಹುಡುಗ ಹೇಳಿದ ಸಂಗತಿ ಹೀಗಿತ್ತು. ದೋಣಿ ಶಿವಡಿ ಬಂದರಿನ ಬದಿಯದು. ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ಕೆಲಸಗಾರರನ್ನು ಒಯ್ದು ತರುತ್ತದೆ. ವರ್ಷಕ್ಕೊಮ್ಮೆ ತಳ ಹೆರೆದು ಬಣ್ಣ ಬಳಿಯಬೇಕಲ್ಲ, ಅದಕ್ಕಾಗಿ ಹುಣ್ಣಿಮೆಯ ದೊಡ್ಡ ಭರತದಲ್ಲಿ ದೋಣಿಯನ್ನು ದಡದ ಮೇಲಕ್ಕೆ ತಂದು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಬಣ್ಣ ಮುಗಿಯಿತು. ಶನಿವಾರ ಸಂಜೆ ಕಾಲನ್ನು ಕೆಳಗಿಳಿಸಿ ತೊಳೆದು ಗ್ರೀಸು ಹಾಕಿದರು. ಇಳಿಯುವುದಕ್ಕೇನೋ ಇಳಿಯಿತು, ಏಳಲಿಲ್ಲ.

“ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದೆ ಮಾವ. ಮೋಟಾರಿನವರೆಗೂ ಕರೆಂಟು ಬತ್ತಿತ್ತು, ದೀಪ ಚೆಂದ ಉರೀತು. ಹಾಂಗಾರೆ ಮೋಟಾರೇ ಹೋಯ್ತು ಅಂತ ಧಣಿಗಳಿಗೆ ಹೇಳಿದೆ.”

ಅಲ್ಲಿಗೆ ಹುಡುಗ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಿದ್ದ. ಮೋಟಾರು ಹೋಗಿದೆಯೆಂದರೆ ಅದನ್ನು ಸುಟ್ಟವರು ಯಾರು? ಗುಂಡಿಯನ್ನು ಗಟ್ಟಿಯಾಗಿ ಒತ್ತಿಹಿಡಿದವನು. ಒತ್ತಿಹಿಡಿದವನು ಯಾರು? ಹುಡುಗ. ಧಣಿಗಳ ಲೆಕ್ಕಾಚಾರ ಚುಟುಕಾಗಿ ಮುಗಿದಿತ್ತು. ಹಳೆಯ ತಯಾರಿಕೆಯಾದುದರಿಂದ ಮೋಟಾರು ಪರದೇಶದಿಂದಲೇ ಬರಬೇಕು. ಬೆಲೆ ಹುಡುಗನ ಹಲವು ತಿಂಗಳ ಸಂಬಳ. ಅದನ್ನು ಕಂತಿನಲ್ಲಿ ಮುರಿದುಕೊಳ್ಳುವುದು, ಕಂತು ಮುಗಿದ ಮೇಲೆ ಅವನನ್ನು ಕೆಲಸದಿಂದ ಬಿಡಿಸುವುದು. ಊರಲ್ಲಿ ಐ.ಟಿ.ಐ. ಮುಗಿಸಿ ಬಂದು ಮೂರು ವರ್ಷ. ತಂಗಿಯ ಮದುವೆಗೆಂದು ಕೂಡಿಡುತ್ತಿದ್ದ ಹಣ ಆ ಸಂಬಳದ್ದೇ. ಆದರೆ ಅವನ ಮುಖ ನೋಡಿದರೆ ಹಣಕ್ಕಿಂತ ಬೇರೊಂದು ಅವನನ್ನು ಕೊರೆಯುತ್ತಿತ್ತು. “ಇಷ್ಟು ವರ್ಷ ಕಲಿತದ್ದು ಎಂತಕೆ?” ಎಂದು ಯಾರೋ ಕೇಳಿದ್ದರಂತೆ.

ಇದರ ಮೇಲೆ ಭರತದ ಗಡುವು ಬೇರೆ. ಮುಂಬಯಿಯ ಕಡಲು ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ಆ ಉಬ್ಬರ ಎಲ್ಲಕ್ಕಿಂತ ದೊಡ್ಡದು. ಬಳಿಕ ದಿನದಿನಕ್ಕೆ ಕುಗ್ಗುತ್ತದೆ. ಅಂದು ಹುಣ್ಣಿಮೆ ಕಳೆದು ಎರಡನೆಯ ದಿನ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ನೀರು ದಿಮ್ಮಿಗಳವರೆಗೆ ಬಂದು ದೋಣಿಯನ್ನು ಎತ್ತುತ್ತದೆ. ಆಗ ಕಾಲು ಕೆಳಗಿದ್ದರೆ ಹೊರಕ್ಕೆ ತೇಲಿಸುವಾಗ ಇಳಿಜಾರಿನ ಕಲ್ಲಿಗೂ ಕೆಸರಿಗೂ ಸಿಕ್ಕಿ ಮುರಿಯುತ್ತದೆ. ಅಂದು ತಪ್ಪಿದರೆ ಅಷ್ಟೆತ್ತರಕ್ಕೆ ನೀರು ಬರಬೇಕಾದರೆ ಅಮಾವಾಸ್ಯೆಯವರೆಗೆ ಕಾಯಬೇಕು. ಅಷ್ಟು ದಿನಗಳ ಬಾಡಿಗೆಯ ನಷ್ಟವೂ ಹುಡುಗನ ಲೆಕ್ಕಕ್ಕೇ.

ನಮಗೆ ದೋಣಿಯ ವಿಷಯ ತಿಳಿಯದು. ಕಾರಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದುದರಿಂದ ತಂತಿಯೊಳಗೆ ಹರಿಯುವುದರ ಸ್ವಭಾವ ಮಾತ್ರ ಸ್ವಲ್ಪ ಪರಿಚಯ. ಅಟ್ಟದ ಮೇಲಿನಿಂದ ಹಳೆಯ ಮೀಟರನ್ನು ಇಳಿಸಿಕೊಂಡೆವು. ಮನೆಯವರು ಅವಲಕ್ಕಿ ಕಲಸಿ ಡಬ್ಬಿಗೆ ತುಂಬಿದರು. ಭಾನುವಾರವಾದುದರಿಂದ ಹಾರ್ಬರ್ ಲೈನಿನ ಮೆಗಾ ಬ್ಲಾಕಿನ ಭಯ ಇದ್ದೇ ಇತ್ತು. ಅದು ಶುರುವಾಗುವ ಮೊದಲೇ ವಡಾಲಾ ರೋಡಿನಲ್ಲಿ ಗಾಡಿ ಹತ್ತಿ ಮುಂದಿನ ನಿಲ್ದಾಣವಾದ ಶಿವಡಿಯಲ್ಲಿ ಇಳಿದೆವು.

ಮುಂಬಯಿಯ ಈ ಪೂರ್ವದ ಅಂಚು ಉಪ್ಪಿನ ಸೀಮೆ. ಉತ್ತರ ಕನ್ನಡದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ 1930ರಲ್ಲೇ ನಮ್ಮ ನೆರೆಯ ವಡಾಲಾದ ಉಪ್ಪಿನಾಗರಗಳಿಗೂ ಜನ ನುಗ್ಗಿ ಲಾಠಿಯ ಪೆಟ್ಟು ತಿಂದರು. ಶಿವಡಿಯ ಕೆಸರಿನಲ್ಲಿ ಅಂದು ಬೆಳಗ್ಗೆ ಇಳಿತದ ಹೊತ್ತು. ಕಣ್ಣು ಹಾಯುವಷ್ಟು ದೂರ ಕಪ್ಪು ಹೂಳು, ಅದರ ಮೇಲೆ ರಾಜಹಂಸಗಳ ಗುಲಾಬಿ ಸಾಲು. ಚಳಿಗಾಲದಿಂದ ಮಳೆಯ ಮುಂಚಿನವರೆಗೆ ಅವು ಇಲ್ಲಿನ ಅತಿಥಿಗಳು. ಅವುಗಳ ಆಚೆ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ನವಿ ಮುಂಬಯಿಯತ್ತ ಕಡಲ ಮೇಲೆ ನಡೆದು ಹೋಗಿತ್ತು. ಹೂಳಿನಲ್ಲಿ ಒಂದು ಕಾಲು ಊರಿ ಇನ್ನೊಂದನ್ನು ಸಲೀಸಾಗಿ ಮಡಚಿಕೊಂಡು ನಿಂತ ಆ ಹಕ್ಕಿಗಳನ್ನು ಹುಡುಗ ಒಮ್ಮೆ ದಿಟ್ಟಿಸಿ ನೋಡಿ ಮುಂದೆ ನಡೆದ.

ದೋಣಿಯ ಬಳಿ ಮೇಸ್ತ್ರಿಗಳು ಬೀಡಿ ಹಚ್ಚಿಕೊಂಡು ಕುಳಿತಿದ್ದರು. ಮಲ್ಪೆಯ ಕಡೆಯವರು, ಎಪ್ಪತ್ತು ದಾಟಿದೆ. ಈ ಬಂದರಿನಲ್ಲಿ ಅವರ ಕೈ ತಾಗದ ಇಂಜಿನು ಕಡಿಮೆ. ಈಗ ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದರೂ ದಿನಾ ಬಂದು ಕೂರುವುದು ಬಿಟ್ಟಿಲ್ಲ. ಹುಡುಗನಿಗೆ ಕೆಲಸ ಕಲಿಸಿದವರೂ ಅವರೇ.

ನಾವು ಮೊದಲು ಕೇಳಿದ್ದು, ಸರಪಳಿ ಕಟ್ಟಿ ಕಾಲನ್ನು ಎತ್ತಿ ಬಿಗಿದುಬಿಟ್ಟರೆ ದೋಣಿ ತೇಲುವುದಿಲ್ಲವೇ ಎಂದು.

“ತಿರುಪಿನ ಹಲ್ಲು ಬಿಚ್ಚಿ ಹಾಕಿದ್ರೆ ಸರಪಳಿಯಲ್ಲಿ ಎತ್ತಬಹುದು ಮಾರಾಯ್ರೆ. ದೋಣಿ ಹೋದೀತು. ಆದರೆ ಹುಡುಗನ ಹೆಸರು ಎತ್ತಲಿಕ್ಕೆ ಆ ಸರಪಳಿ ಸಾಲುವುದಿಲ್ಲ” ಎಂದರು ಮೇಸ್ತ್ರಿಗಳು. “ಹನ್ನೊಂದು ಗಂಟೆಯವರೆಗೆ ನೋಡುವ. ಆಗದಿದ್ದರೆ ಸರಪಳಿ ಇದ್ದೇ ಇದೆ.”

ದೋಣಿಯ ಇಂಜಿನು ಡೀಸೆಲಿನದು. ಪೆಟ್ರೋಲಿನದಾಗಿದ್ದರೆ ಇಂಜಿನಿನ ಗೂಡನ್ನು ತೆರೆದು, ಗಾಳಿಯಾಡಿಸಿ, ಆವಿಯ ವಾಸನೆ ಪೂರ್ತಿ ಹೋಗುವವರೆಗೆ ಯಾವ ಗುಂಡಿಯನ್ನೂ ಮುಟ್ಟಬಾರದು. ಸ್ಕ್ರೂಡ್ರೈವರನ್ನು ಅಡ್ಡಹಿಡಿದು ಕಿಡಿ ಹಾರಿಸಿ ನೋಡುವ ಅಭ್ಯಾಸ ಅಂಥಲ್ಲಿ ಪ್ರಾಣ ತೆಗೆದೀತು. ಇನ್ನೊಂದು ಎಚ್ಚರಿಕೆ: ಎತ್ತಿದ ಕಾಲಿನ ಕೆಳಗೆ ಯಾರೂ ಕೈಯಿಡಬಾರದು, ತಲೆಯಿಡಬಾರದು, ಮರದ ಆಧಾರ ಕೊಟ್ಟ ಮೇಲೆಯೇ ಕೆಲಸ. ಮೇಸ್ತ್ರಿಗಳು ಇದನ್ನೆಲ್ಲ ಹುಡುಗನ ಬಾಯಿಂದ ಹೇಳಿಸಿದ ಮೇಲೆಯೇ ನಮ್ಮನ್ನು ದೋಣಿ ಹತ್ತಗೊಟ್ಟರು.

ವೈದ್ಯರು ನಾಡಿ ಹಿಡಿಯುವ ಮೊದಲು ರೋಗಿಯನ್ನು ಮಾತಾಡಿಸುತ್ತಾರಲ್ಲ, ಮೇಸ್ತ್ರಿಗಳೂ ಹಾಗೆ ಮಾಡಿದರು.

“ನಿನ್ನೆ ಇಳಿಸಿದ್ದು ಹೇಗೆ ಮಗಾ?”

“ಗುಂಡಿ ಒತ್ತಿ. ನಿಧಾನಕ್ಕೆ ಇಳೀತು.”

“ಮೋಟಾರು ಸುಟ್ಟದ್ದಾದರೆ ಇಳಿದದ್ದು ಹೇಗೆ?”

ಹುಡುಗ ಬಾಯಿ ತೆರೆದವನು ಹಾಗೆಯೇ ನಿಂತ. ಇಳಿಯುವಾಗ ಕಾಲಿನ ಭಾರವೇ ಮೋಟಾರಿಗೆ ನೆರವು. ಏಳುವಾಗ ಆ ಭಾರವನ್ನೆಲ್ಲ ಮೋಟಾರು ಹೊರಬೇಕು. ಸತ್ತ ಮೋಟಾರು ಎರಡನ್ನೂ ಮಾಡದು. ಹಸಿದ ಮೋಟಾರು ಮೊದಲನೆಯದನ್ನು ಹೇಗೋ ಮಾಡಿ ಎರಡನೆಯದಕ್ಕೆ ಸೋಲುತ್ತದೆ. ಮತ್ತೆ ಕೇಳಿದಾಗ, ಹದಿನೈದು ದಿನಗಳಿಂದ ಕಾಲು ಏಳುವುದು ತಡವಾಗುತ್ತಿತ್ತೆಂಬುದೂ ಹೊರಬಿತ್ತು. ಒಮ್ಮೆಗೇ ಸುಟ್ಟ ಲಕ್ಷಣ ಅದಲ್ಲ.

ಗುಂಡಿ ಒತ್ತಿಸಿ ಕಿವಿಗೊಟ್ಟೆವು. ಒಳಗೆಲ್ಲೋ ‘ಟಕ್’ ಎಂದಿತು. ಮೋಟಾರು ಒಂದು ಸಲ ಗೊಣಗಿ ಸುಮ್ಮನಾಯಿತು. ಈ ‘ಟಕ್’ ಬಹಳ ಹೇಳುತ್ತದೆ. ಮೋಟಾರಿಗೆ ಬೇಕಾದಷ್ಟು ವಿದ್ಯುತ್ತನ್ನು ಸಣ್ಣ ಗುಂಡಿ ತಾಳಿಕೊಳ್ಳಲಾರದು. ಗುಂಡಿ ಕೇವಲ ಅಪ್ಪಣೆ ಕೊಡುತ್ತದೆ. ರಿಲೇ ಎಂಬ ಗುಮಾಸ್ತ ಆ ಅಪ್ಪಣೆ ಕೇಳಿ ‘ಟಕ್’ ಎಂದು ದೊಡ್ಡ ಬಾಗಿಲು ತೆರೆಯುತ್ತಾನೆ. ಏಳುವುದಕ್ಕೊಬ್ಬ ಗುಮಾಸ್ತ, ಇಳಿಯುವುದಕ್ಕೊಬ್ಬ. ಸದ್ದೇ ಇಲ್ಲದಿದ್ದರೆ ಗುಂಡಿಯನ್ನೋ ಫ್ಯೂಸನ್ನೋ ಅಪ್ಪಣೆಯ ತಂತಿಯನ್ನೋ ವಿಚಾರಿಸಬೇಕು. ಸದ್ದಿದ್ದು ಮೋಟಾರು ಓಡದಿದ್ದರೆ ದೊಡ್ಡ ಬಾಗಿಲಿನಿಂದಾಚೆ ವಿಚಾರಣೆ. ಮೋಟಾರು ಚೆನ್ನಾಗಿ ಓಡಿ ಕಾಲು ಮಾತ್ರ ಏಳದಿದ್ದರೆ ತಿರುಪಿನ ಹಲ್ಲು ಸವೆದಿದೆ. ಎಣ್ಣೆಯ ಬಗೆಯದಾದರೆ ಎಣ್ಣೆ ಕಡಿಮೆಯಾಗಿದೆ, ಇಲ್ಲವೇ ಸೋರುತ್ತಿದೆ. ಒಂದು ಗುಂಡಿ ಒತ್ತಿ ಕಿವಿಗೊಟ್ಟರೆ ಅರ್ಧ ಊರನ್ನೇ ಸಂಶಯದಿಂದ ಬಿಡುಗಡೆ ಮಾಡಬಹುದು.

ಮೀಟರು ಇಟ್ಟೆವು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟು, ತುಂಬಿದ ಬ್ಯಾಟರಿಯ ಲಕ್ಷಣ. ಗುಂಡಿ ಒತ್ತಿದಾಗ 12.2. ಮೋಟಾರಿನ ಒಳಸುತ್ತು ಸುಟ್ಟು ಒಂದಕ್ಕೊಂದು ಅಂಟಿದ್ದರೆ ಅದು ವಿಪರೀತ ವಿದ್ಯುತ್ತನ್ನು ಎಳೆದು ಬ್ಯಾಟರಿಯನ್ನು ಇನ್ನೂ ಬಹಳ ತಗ್ಗಿಸುತ್ತಿತ್ತು. ಹಾಗೆ ಆಗಲಿಲ್ಲ. ಸರಿ, ಬ್ಯಾಟರಿಯ ಋಣದ ತುದಿಗೆ ಮೀಟರಿನ ಒಂದು ಕೈ ಇಟ್ಟು ಮೋಟಾರಿಗೆ ಬರುವ ತಂತಿಗೆ ಇನ್ನೊಂದು ಕೈ ಇಟ್ಟೆವು: ಗುಂಡಿ ಒತ್ತಿದಾಗ 12. ಹೋಗುವ ದಾರಿ ಶುದ್ಧ. ಈಗ ಮೀಟರಿನ ಎರಡು ಕೈಗಳನ್ನೂ ಮೋಟಾರಿನ ಎರಡು ತುದಿಗಳಿಗೇ ಇಟ್ಟೆವು. 4.5!

ಹನ್ನೆರಡು ಹೊರಟಿದೆ, ಮೋಟಾರಿನ ಹೊಟ್ಟೆಗೆ ನಾಲ್ಕೂವರೆ ಸೇರಿದೆ. ಉಳಿದ ಏಳೂವರೆ ಎಲ್ಲಿ? ಮೋಟಾರಿನಿಂದ ಬ್ಯಾಟರಿಗೆ ಮರಳುವ ದಾರಿಗೆ ಮೀಟರು ಹಿಡಿದಾಗ ಕಳ್ಳ ಸಿಕ್ಕಿದ. 7.5! ಅರ್ಧ ವೋಲ್ಟನ್ನೂ ನುಂಗಬಾರದ ತಂತಿ ಏಳೂವರೆ ನುಂಗುತ್ತಿತ್ತು. ಲೆಕ್ಕ ಕೂಡಿ ಸರಿಹೋಯಿತು.

“ಆದರೆ ದೀಪ ಉರೀತಿತ್ತಲ್ಲ ಮಾವ?” ಹುಡುಗ ಕೇಳಿದ. ಅವನ ಧ್ವನಿಯಲ್ಲಿ ಅಪರಾಧಿಯ ಅಳುಕಿರಲಿಲ್ಲ, ವಿದ್ಯಾರ್ಥಿಯ ಹಟವಿತ್ತು. ನಮಗೆ ಸಮಾಧಾನವಾಯಿತು.

ಮುಂಬಯಿಯಲ್ಲಿ ಸಂಸಾರ ಮಾಡಿದ ಯಾರಿಗೂ ಇದನ್ನು ವಿವರಿಸುವುದು ಕಷ್ಟವಲ್ಲ. ತುಕ್ಕು ಕಟ್ಟಿ ಸೂಜಿಯಷ್ಟೇ ದಾರಿ ಉಳಿದ ಕೊಳಾಯಿಯಲ್ಲೂ ಒಂದು ಲೋಟ ಹಿಡಿದರೆ ಕ್ಷಣದಲ್ಲಿ ತುಂಬೀತು. ನೀರು ಚೆನ್ನಾಗಿದೆ ಎನ್ನಿಸೀತು. ಹಂಡೆ ಇಟ್ಟು ನೋಡಿ, ಆಗ ತಿಳಿಯುತ್ತದೆ. ಪರೀಕ್ಷೆಯ ದೀಪ ಒಂದು ಲೋಟ. ಮೋಟಾರು ಹತ್ತು ಹಂಡೆ. ದೀಪಕ್ಕೆ ಸಾಕಾದ ತಂತಿ ಮೋಟಾರಿಗೆ ಸಾಕೆನ್ನುವುದಕ್ಕಾಗದು. ಮೇಲಾಗಿ ಹುಡುಗ ದೀಪದ ಒಂದು ತುದಿಯನ್ನು ಇಂಜಿನಿನ ಕಬ್ಬಿಣಕ್ಕೆ ತಾಗಿಸಿ ನೋಡಿದ್ದ. ಮರಳುವ ತಂತಿಯನ್ನು ಅವನು ಪರೀಕ್ಷಿಸಿಯೇ ಇರಲಿಲ್ಲ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿ ಸರಿಯಿಲ್ಲದೆ ನಿಂತುಹೋದ ಯಂತ್ರಗಳನ್ನು ಕಾರಖಾನೆಯಲ್ಲಿ ನಾವು ಎಷ್ಟೋ ಕಂಡಿದ್ದೇವೆ.

ಇನ್ನು ಆ ತಂತಿಯಲ್ಲಿ ರೋಗ ಇರುವುದೆಲ್ಲಿ? ಅದು ತಳದ ಹಲಗೆಗಳ ಕೆಳಗೆ ಮಾರುದ್ದ ಹಾಯ್ದಿತ್ತು. ನಾವು ಮೀಟರು ಹಿಡಿದು ಗೇಣುಗೇಣಾಗಿ ಹೋಗೋಣವೆಂದು ಕನ್ನಡಕ ಒರೆಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಮೇಸ್ತ್ರಿಗಳು ಹೊಟ್ಟೆಯಡಿ ಮಲಗಿ, ಕಣ್ಣು ಮುಚ್ಚಿಕೊಂಡು, ತಂತಿಯ ಮೇಲೆ ಬೆರಳಾಡಿಸುತ್ತ ಹೊರಟರು. “ಒತ್ತು ಮಗಾ” ಎನ್ನುವರು, ನಾಲ್ಕು ಎಣಿಸುವರು, “ಬಿಡು” ಎನ್ನುವರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಬೆಚ್ಚಗಿದೆ.”

ಏಳೂವರೆ ವೋಲ್ಟು ನುಂಗಿದವನಿಗೆ ಮೈ ಬಿಸಿಯಾಗದಿರುತ್ತದೆಯೇ? ಮೀಟರು ಇಟ್ಟು ನೋಡಿದರೆ ಅದೇ ಜಾಗ. ಹಲಗೆಯ ಕೆಳಗೆ ತಳದ ನೀರು ಬಂದು ನಿಲ್ಲುವ ಮೂಲೆಯಲ್ಲಿ ಕಪ್ಪು ಟೇಪು ಸುತ್ತಿದ ಒಂದು ಗಂಟು. ಹುಡುಗ ಟೇಪನ್ನು ಬಿಡಿಸಿದ. ಒಳಗೆ ತಾಮ್ರವೆಂಬುದೇ ಇರಲಿಲ್ಲ; ಹಸಿರು ಕಿಲುಬು. ಎರಡು ತಂತಿಗಳನ್ನು ಹೊಸೆದು ಸುತ್ತಿದ್ದ ಎಳೆಗಳು ಬೆರಳು ತಾಗಿದೊಡನೆ ಹುಡಿಯಾಗಿ ಉದುರಿದವು. ನಾಲ್ಕಾರು ಎಳೆಗಳ ಮೇಲೆ ಇಷ್ಟು ದಿನ ಆ ಕಾಲಿನ ಭಾರವೆಲ್ಲ ನಿಂತಿತ್ತು.

“ದೋಣಿಯಲ್ಲಿ ಹೀಂಗೆ ಗಂಟು ಹಾಕಿದ್ದು ಯಾರಪ್ಪ?” ಎಂದು ಹುಡುಗ ಸಿಟ್ಟಿನಿಂದ ಕೇಳಿದ. ಅವನ ಸಿಟ್ಟು ನ್ಯಾಯವಾದದ್ದೇ. ಒಂದು ರಾತ್ರಿಯೆಲ್ಲ ಅವನು ಅನುಭವಿಸಿದ್ದು ಆ ಗಂಟಿನ ಪಾಲನ್ನಲ್ಲವೇ?

ಮೇಸ್ತ್ರಿಗಳು ಕೂಡಲೇ ಮಾತಾಡಲಿಲ್ಲ. ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಟೇಪಿನ ತುದಿಗೆ ನೂಲಿನ ಕಟ್ಟೊಂದಿತ್ತು, ಬಲೆಯ ನೂಲು, ಬಲೆ ಹೆಣೆಯುವವರು ಹಾಕುವ ಗಂಟು.

“ಇದು ನನ್ನದೇ ಮಗಾ” ಎಂದರು. “ಮಳೆಗಾಲದ ಒಂದು ರಾತ್ರಿ ತಂತಿ ಕಡಿದಿತ್ತು. ಬೆಳಗ್ಗೆ ದೋಣಿ ಹೋಗಬೇಕಿತ್ತು. ಸದ್ಯಕ್ಕೆ ಆಗಲಿ ಅಂತ ಕಟ್ಟಿದ್ದು. ನಾಳೆ ಹೊಸ ತಂತಿ ಹಾಕುವ ಅಂತ ಇದ್ದೆ. ಎಷ್ಟು ವರ್ಷ ಆಯ್ತೋ, ಆ ನಾಳೆ ಬರಲೇ ಇಲ್ಲ.”

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಹುಡುಗ ತಲೆ ತಗ್ಗಿಸಿದ. ಆಮೇಲೆ, “ಬಿಡಿ ಅಜ್ಜ, ಯಾರಿಗೂ ಹೇಳೂದು ಬ್ಯಾಡ. ತಂತಿ ಹಾಳಾಗಿತ್ತು ಅಂದ್ರೆ ಸಾಕು” ಎಂದ.

“ಹೇಳದಿದ್ದರೆ ನಿನ್ನ ಲೆಕ್ಕದಲ್ಲೇ ಉಳೀತದೆ” ಎಂದರು ಮೇಸ್ತ್ರಿಗಳು.

ಒಂಬತ್ತೂವರೆಯಾಗಿತ್ತು. ರಾಜಹಂಸಗಳು ನೀರಿನ ಮುಂದೆ ಮುಂದೆ ದಡದತ್ತ ಸರಿಯುತ್ತಿದ್ದವು. ಇನ್ನು ಮಾತಿಗೆ ಹೊತ್ತಿರಲಿಲ್ಲ. ಕೆಟ್ಟ ಜಾಗವನ್ನಷ್ಟೇ ಕತ್ತರಿಸಿ ಹೊಸದಾಗಿ ಜೋಡಿಸಿದರಾಯಿತೆಂದು ನಾವೆಂದುಕೊಂಡಿದ್ದೆವು. ಕತ್ತರಿಸಿದರೆ ಒಳಗೂ ಕಪ್ಪು. ಇನ್ನೂ ನಾಲ್ಕು ಬೆರಳು ಕತ್ತರಿಸಿದರೂ ಕಪ್ಪು. ಉಪ್ಪುನೀರು ತಂತಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ; ಹೊರಗಿನ ರಬ್ಬರು ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗಿನ ತಾಮ್ರ ಸತ್ತಿರುತ್ತದೆ. ಆದುದರಿಂದ ತುದಿಯಿಂದ ತುದಿಗೆ ಹೊಸ ತಂತಿಯನ್ನೇ ಎಳೆಯುವುದೆಂದು ನಿಶ್ಚಯವಾಯಿತು. ಮೇಸ್ತ್ರಿಗಳ ಪೆಟ್ಟಿಗೆಯಲ್ಲಿ ತವರದ ಲೇಪವಿರುವ ದಪ್ಪ ತಂತಿಯ ಸುರುಳಿಯೊಂದಿತ್ತು. ದೋಣಿಗೆ ಅಂಥ ತಂತಿಯೇ ತಕ್ಕದ್ದು. ಮನೆಯ ತಂತಿಯಂತೆ ಬರಿಯ ತಾಮ್ರವಲ್ಲವಾದುದರಿಂದ ಉಪ್ಪಿಗೆ ಬೇಗ ಸೋಲುವುದಿಲ್ಲ.

ಹುಡುಗ ಬ್ಯಾಟರಿಯ ಸಂಬಂಧ ತಪ್ಪಿಸಿ ಕೆಲಸಕ್ಕೆ ಕುಳಿತ. ತುದಿಗಳಿಗೆ ಹಿತ್ತಾಳೆಯ ಬಳೆಗಳನ್ನು ಒತ್ತುಯಂತ್ರದಲ್ಲಿ ಬಿಗಿದ, ಎಳೆದು ನೋಡಿದ, ಮೇಲೆ ಕೊಳವೆ ತೊಡಿಸಿ ಬಿಸಿಮಾಡಿ ಕುಗ್ಗಿಸಿ ನೀರು ನುಗ್ಗದಂತೆ ಮುಚ್ಚಿದ, ಕೂಡುವ ಲೋಹವನ್ನು ಮರಳುಕಾಗದದಲ್ಲಿ ಬೆಳ್ಳಗೆ ಉಜ್ಜಿದ, ಬಿಗಿದ ಮೇಲೆ ವ್ಯಾಸಲೀನು ಸವರಿದ. ತಂತಿಯನ್ನು ಈ ಸಲ ತಳದಲ್ಲಿ ಹಾಯಿಸದೆ ಬದಿಯ ಪಟ್ಟಿಯ ಮೇಲೆ ಎತ್ತರದಲ್ಲಿ ಹಾಯಿಸಿ, ಅಲ್ಲಲ್ಲಿ ಕಟ್ಟು ಹಾಕಿದ. ನಡುವೆ ಒಂದು ಗಂಟೂ ಇಲ್ಲ. ಮೇಸ್ತ್ರಿಗಳು ಪಕ್ಕದಲ್ಲಿ ಕುಳಿತು ಅವನು ಕೇಳಿದ ಉಪಕರಣವನ್ನು ಎತ್ತಿ ಕೊಡುತ್ತಿದ್ದರು. ಮೂರು ವರ್ಷಗಳ ಹಿಂದೆ ಹುಡುಗ ಅವರಿಗೆ ಕೊಡುತ್ತಿದ್ದಂತೆ.

ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಧಣಿಗಳು ಬಂದರು. ಮೋಟಾರಿನ ಬೆಲೆಯ ಕಾಗದವೂ ಅವರ ಕೈಯಲ್ಲಿತ್ತು.

“ಒತ್ತು” ಎಂದರು ಮೇಸ್ತ್ರಿಗಳು.

ಟಕ್. ಅದರ ಬೆನ್ನಿಗೇ ಮೋಟಾರಿನ ಧ್ವನಿ, ಗೊಣಗಾಟವಲ್ಲ, ಒಂದೇ ಶ್ರುತಿಯ ಗುಂಯ್‌ಗಾರ. ಹಿಂಬದಿಯ ಕಾಲು ಮೊದಲು ನಡುಗಿತು. ಬಳಿಕ ನಿದ್ದೆಯಿಂದೆದ್ದವನಂತೆ ನಿಧಾನವಾಗಿ, ಆದರೆ ಎಲ್ಲೂ ತಡೆಯದೆ, ಮೇಲೇರಿ ಮಡಚಿಕೊಂಡಿತು. ಇಳಿಸಿದೆವು; ಏರಿಸಿದೆವು. ಈಗ ಮೋಟಾರಿನ ತುದಿಗಳಲ್ಲಿ ಮೀಟರು ಹನ್ನೊಂದೂವರೆಗಿಂತ ಮೇಲೆ ತೋರಿಸಿತು. ಹುಡುಗ ಮೂರನೆಯ ಸಲವೂ ಒತ್ತಬೇಕೆಂದಿದ್ದ. ಮೇಸ್ತ್ರಿಗಳು, “ಸಾಕು, ಅದೂ ಜೀವವೇ” ಎಂದು ತಡೆದರು.

ಧಣಿಗಳು ಹಿಂದಿಯಲ್ಲಿ, ಹಾಗಾದರೆ ನಿನ್ನೆ ಆಗಿದ್ದೇನು ಎಂದು ಕೇಳಿದರು. ಹುಡುಗ ಬಾಯಿ ತೆರೆಯುವ ಮೊದಲೇ ಮೇಸ್ತ್ರಿಗಳು ಆ ಹಸಿರು ಗಂಟನ್ನು ಅವರ ಕೈಗಿತ್ತರು. ಮೋಟಾರಿಗೆ ಏನೂ ಆಗಿರಲಿಲ್ಲ, ಈ ಗಂಟು ಕೆಟ್ಟಿತ್ತು, ಇದನ್ನು ಹಾಕಿದವನು ನಾನು, ಹುಡುಗನಲ್ಲ; ಇಷ್ಟನ್ನೇ ಹೇಳಿದರು. ಧಣಿಗಳು ಗಂಟನ್ನು ನೋಡಿದರು, ಮುದುಕರನ್ನು ನೋಡಿದರು. ಕ್ಷಮೆಯನ್ನೇನೂ ಕೇಳಲಿಲ್ಲ, ಅಂಥ ಪದ್ಧತಿ ಬಂದರಿನಲ್ಲಿ ಇದ್ದಂತಿಲ್ಲ. ಬೆಲೆಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, “ನೀರು ಎಷ್ಟು ಗಂಟೆಗೆ ಬರುತ್ತದೆ?” ಎಂದು ಹುಡುಗನನ್ನು ಕೇಳಿದರು. ಹುಡುಗ ಹೇಳಿದ. ಮತ್ತೆ ಆ ವಿಷಯದ ಪ್ರಸ್ತಾಪ ಬರಲಿಲ್ಲ. ತಿಂಗಳ ಕೊನೆಯಲ್ಲಿ ಅವನ ಸಂಬಳ ಪೂರ್ತಿ ಬಂತೆಂದು ಆಮೇಲೆ ತಿಳಿಯಿತು.

ನೀರು ಬರುವವರೆಗೆ 'ಅವಲಕ್ಕಿ' ಡಬ್ಬಿ ತೆರೆದು ಮೂವರೂ ಹಂಚಿಕೊಂಡು ತಿಂದೆವು. ಎತ್ತಿದ ಕಾಲಿಗೆ ಮರದ ಆಧಾರ ಕೊಟ್ಟು ಹುಡುಗ ಅದರ ಮೇಲಿದ್ದ ಸತುವಿನ ತುಂಡನ್ನು ತೋರಿಸಿದ. ಅರ್ಧಕ್ಕರ್ಧ ಸವೆದು ಗೆದ್ದಲು ತಿಂದ ಹಾಗಾಗಿತ್ತು. ಕಾಲು ಅಲ್ಯುಮಿನಿಯಮಿನದು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಜೊತೆಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಸತುವಿನ ತುಂಡನ್ನು ಕಟ್ಟಿದರೆ ಮೊದಲು ಅದು ಸವೆದು ಕಾಲನ್ನು ಕಾಯುತ್ತದೆ. ಬಣ್ಣ ಬಳಿಯುವವರು ಅವಸರದಲ್ಲಿ ಅದರ ಮೇಲೂ ಬಣ್ಣ ಬಳಿದರೆ ಅದು ಕೆಲಸ ಮಾಡದು. ಹೊಸ ತುಂಡು ಹಾಕಬೇಕೆಂದು ಹುಡುಗ ಪುಸ್ತಕದಲ್ಲಿ ಬರೆದುಕೊಂಡ. ಅದರ ಕೆಳಗೆ ಇನ್ನೊಂದು ಸಾಲು ಬರೆದುದನ್ನು ನಾವು ಓರೆಗಣ್ಣಿನಿಂದ ಓದಿದೆವು: ‘ದೀಪ ಇಟ್ಟು ನಂಬಬಾರದು. ಭಾರ ಹಾಕಿ ಅಳೆಯುವುದು.’

ಒಂದು ಗಂಟೆಗೆ ಸರಿಯಾಗಿ ದೋಣಿ ದಿಮ್ಮಿಗಳಿಂದ ಮೇಲೆದ್ದಿತು. ಉದ್ದನೆಯ ಗಳು ಹಿಡಿದು ನಾಲ್ವರು ನೂಕಿದರು. ಕಾಲನ್ನು ಮಡಚಿಕೊಂಡೇ ಅದು ಇಳಿಜಾರನ್ನು ದಾಟಿ ಆಳದ ನೀರಿಗೆ ಹೋಯಿತು. ಅಲ್ಲಿ ಹುಡುಗ ಕಾಲನ್ನು ಇಳಿಸಿದ, ಇಂಜಿನು ಹಿಡಿಯಿತು. ದಡದಲ್ಲಿ ಮೇಸ್ತ್ರಿಗಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದರು. ಅವರ ಕಣ್ಣಿಗೆ ಎಷ್ಟು ಕಂಡಿತೋ. ಶಬ್ದ ಕಿವಿಯಿಂದ ಮರೆಯಾಗುವವರೆಗೆ ನಿಂತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ತಂತಿಗೆ ಜ್ವರ ಬಂದು ಮೋಟಾರಿಗೆ ಬರೆ, ಮೋಟಾರಿನ ಹೆಸರಿನಲ್ಲಿ ಹುಡುಗನಿಗೆ ಬರೆ ಎಂದು ಅಂದು ಆಗುವುದಿತ್ತು. ಬೆಲೆ ಹೆಚ್ಚಾದ ಭಾಗವನ್ನೂ ಬಾಯಿ ಕಡಿಮೆಯಾದ ಮನುಷ್ಯನನ್ನೂ ಮೊದಲು ಸಂಶಯಿಸುವುದು ನಮ್ಮೆಲ್ಲರ ಸ್ವಭಾವ. ನಮ್ಮ ಸಂಘದ ಸದಸ್ಯರಲ್ಲಿ ದೋಣಿಯ ಒಡೆಯರು ಯಾರೂ ಇರಲಾರರು. ಆದರೆ ಸ್ಕೂಟರು, ಮಿಕ್ಸರು, ಇನ್ವರ್ಟರುಗಳು ಎಲ್ಲರ ಮನೆಯಲ್ಲಿವೆ. ಮಕ್ಕಳೂ ಇದ್ದಾರೆ.

ಹಾರ್ಬರ್ ಲೈನು ಅಷ್ಟು ಹೊತ್ತಿಗೆ ಬಂದಾಗಿತ್ತು. ಬಸ್ಸು ಹಿಡಿದು ಮೂರು ಗಂಟೆಗೆ ಮನೆ ಸೇರಿ ಕರೆಗಂಟೆ ಒತ್ತಿದೆವು. ಬಾರಿಸಲಿಲ್ಲ. ಮತ್ತೆ ಒತ್ತಿದೆವು. ಮೂರನೆಯ ಸಲಕ್ಕೆ ಬಾರಿಸಿತು. ಮನೆಯವರು ಬಾಗಿಲು ತೆರೆದು ಮೊದಲು ಕೇಳಿದ್ದು, “ಕಾಲು ಎದ್ದಿತಾ?”

“ಎದ್ದಿತು” ಎಂದೆವು.

ಊಟ ಮಾಡಿದ ಮೇಲೆ ಎಂದಿನಂತೆ ಅಡ್ಡಾಗಲಿಲ್ಲ. ಸ್ಟೂಲು ತಂದು, ಮೈನ್ ಸ್ವಿಚ್ಚು ತೆಗೆದು, ಬಾಗಿಲ ಮೇಲಿನ ಕರೆಗಂಟೆಯ ಹಿಂಬದಿಯನ್ನು ಬಿಚ್ಚಿದೆವು. ಎರಡು ತಂತಿಗಳ ಹೊಸೆದ ಗಂಟು, ಮೇಲೆ ಕಪ್ಪು ಟೇಪು. ಹನ್ನೊಂದು ವರ್ಷಗಳ ಹಿಂದೆ ಗಣೇಶ ಚೌತಿಯ ಹಿಂದಿನ ದಿನ, ಸದ್ಯಕ್ಕೆ ಆಗಲಿ ಎಂದು ನಾವೇ ಕಟ್ಟಿದ್ದು.